ರಬ್ಬರ್ ಮೇಷ್ಟ್ರು

"ತಡಿ, ತಡಿ. ಪೆನ್ನು ಮುಟ್ಟಬೇಡ," ಎನ್ನುತ್ತ ಮೇಷ್ಟ್ರು ಅಂಗಿಯ ಜೇಬಿನಿಂದ ರಬ್ಬರ್ ತೆಗೆದರು.

ಮೇಜಿನ ಆಚೆ ಬದಿಗೆ ಕೂತಿದ್ದ ಹುಡುಗಿ ಪೆನ್ನನ್ನು ಅಲ್ಲೇ ಬಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಳು. ಇಬ್ಬರ ನಡುವೆ ಸರ್ಕಾರಿ ವಿಶ್ವವಿದ್ಯಾಲಯಗಳ ಅರ್ಜಿಯ ಹಾಳೆಗಳಿದ್ದವು. ಹೆಸರು, ಹುಟ್ಟಿದ ದಿನ, ಐನೂರಕ್ಕೆ ನಾನೂರ ಮೂವತ್ತೊಂದು ಅಂಕ, ಎಲ್ಲ ಸರಿಯಾಗಿತ್ತು. ಮೇಷ್ಟ್ರ ಬೆರಳು ನಿಂತದ್ದು ಮೂರನೇ ಪುಟದ ಆಯ್ಕೆಗಳ ಪಟ್ಟಿಯ ಮೇಲೆ. ಒಂದನೇ ಸಾಲಿನಲ್ಲಿ ಅವಳು ದೂರದ ವಿಶ್ವವಿದ್ಯಾಲಯದ ಭೂಗರ್ಭಶಾಸ್ತ್ರ ಎಂದು ಬರೆದಿದ್ದಳು. ಹತ್ತಿರದ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಎರಡನೇ ಸಾಲಿನಲ್ಲಿತ್ತು.

"ಇದೇನಮ್ಮ ಇದು, ತಲೆ ಕೆಳಗೆ ಕಾಲು ಮೇಲೆ?"

"ಯಾಕೆ ಸಾರ್?"

"ದೂರದ್ದನ್ನ ಮೇಲೆ ಬರ್ದಿದ್ದೀಯಲ್ಲ."

"ನಂಗೆ ಬೇಕಾಗಿರೋದು ಅದೇ ಸಾರ್. ಕಲ್ಲು ಮಣ್ಣಿನ ಓದು ಅಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ."

ಆ ಶಾಲೆಯಲ್ಲಿ ಅವರನ್ನು ಭೂಗೋಳದ ಮೇಷ್ಟ್ರು ಎಂದು ಕರೆಯುತ್ತಿದ್ದವರು ಮುಖ್ಯೋಪಾಧ್ಯಾಯಿನಿ ಒಬ್ಬರೇ. ಮಕ್ಕಳ ಬಾಯಲ್ಲಿ ಅವರು ರಬ್ಬರ್ ಮೇಷ್ಟ್ರು. ಹನ್ನೊಂದು ವರ್ಷದಿಂದ ಕೊನೆಯ ವರ್ಷದ ಮಕ್ಕಳ ಅರ್ಜಿ ತುಂಬಿಸುವ ಕೆಲಸ ಅವರದು. ಯಾರೂ ಹೊರಿಸಿದ್ದಲ್ಲ, ತಾವೇ ಹೆಗಲಿಗೆ ಹಾಕಿಕೊಂಡದ್ದು. ಅದಕ್ಕೊಂದು ಪದ್ಧತಿಯನ್ನೂ ಮಾಡಿಕೊಂಡಿದ್ದರು. ಪ್ರತಿಯೊಬ್ಬರೂ ಮೊದಲು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತುಂಬಬೇಕು, ಮೇಷ್ಟ್ರು ಅಳಿಸಿ ತಿದ್ದಬೇಕು, ಆಮೇಲೆ ಅದರ ಮೇಲೆ ಪೆನ್ನು ಓಡಿಸಬೇಕು. ಕೊನೆಗೆ ಅವರೇ ಶಾಲೆಯ ಒಂದೇ ಒಂದು ಕಂಪ್ಯೂಟರಿನ ಮುಂದೆ ಕೂತು ಎರಡು ಬೆರಳಿನಲ್ಲಿ ಅದನ್ನೆಲ್ಲ ಕುಟ್ಟಬೇಕು. ಕಂಪ್ಯೂಟರ್ ಮೇಲೆ ಅವರಿಗೆ ಅಷ್ಟಾಗಿ ನಂಬಿಕೆ ಇರಲಿಲ್ಲ. ರಬ್ಬರಿನ ಮೇಲೆ ಇತ್ತು.

ಕೂತಿದ್ದದ್ದು ಗ್ರಂಥಾಲಯದ ಹಿಂದಿನ ಭೂಪಟದ ಕೋಣೆಯಲ್ಲಿ. ಮೂಲೆಯಲ್ಲಿ ಸುರುಳಿ ಸುತ್ತಿದ ನಕ್ಷೆಗಳು, ಕಿಟಕಿಯ ಬಳಿ ಬಿಸಿಲಿಗೆ ಸಮುದ್ರವೆಲ್ಲ ಬಿಳಿಚಿಕೊಂಡ ಒಂದು ಗ್ಲೋಬು. ಗೋಡೆಯ ಉದ್ದಕ್ಕೂ ಇದ್ದ ಮರದ ಕಪಾಟಿನ ಒಂದು ಅರೆಯಲ್ಲಿ ಮೇಷ್ಟ್ರ ಹಸಿರು ರಟ್ಟಿನ ನೋಟ್‌ಬುಕ್ಕು. ಅರ್ಜಿ ಹಾಕಿಸಿದ ಪ್ರತಿ ಮಗುವಿನ ಹೆಸರೂ, ಸಿಕ್ಕ ಸೀಟೂ ಅದರಲ್ಲಿತ್ತು. ಇನ್ನೂರ ಹದಿನಾಲ್ಕು ಹೆಸರು. "ನನ್ನ ಕೈಯಿಂದ ಹೋದ ಒಂದು ಅರ್ಜಿಯೂ ಬರಿಗೈಲಿ ವಾಪಸ್ ಬಂದಿಲ್ಲ" ಎಂದು ಮೇಷ್ಟ್ರು ವರ್ಷಕ್ಕೆ ಒಂದು ಸಲವಾದರೂ ಹೇಳುತ್ತಿದ್ದರು. ಹೇಳಲು ಯಾರೂ ಸಿಗದಿದ್ದರೆ ಹೆಂಡತಿಗೆ ಹೇಳುತ್ತಿದ್ದರು.

"ನೋಡಮ್ಮ," ಎಂದರು ಈಗ. "ಬೇಕಾಗಿರೋದನ್ನ ಮೊದಲು ಬರೀಬಾರ್ದು. ಸಿಗೋದನ್ನ ಬರೀಬೇಕು. ನೀನು ದೂರದ್ದನ್ನ ಮೊದಲು ಬರೀತೀಯ, ಅಂಕ ಸಾಲಲ್ಲ. ಆಮೇಲೆ ಹತ್ತಿರದ್ದಕ್ಕೆ ಬರ್ತೀಯ. ಅಷ್ಟರಲ್ಲಿ ಅದನ್ನೇ ಮೊದಲು ಅಂತ ಬರ್ದವರು ಅಲ್ಲಿ ಕೂತಾಗಿರತ್ತೆ. ನಿನ್ನ ಗತಿ ಏನು?"

ಹುಡುಗಿ ಹಾಳೆಯ ಅಂಚನ್ನು ಬೆರಳಿನಿಂದ ಸರಿಮಾಡಿದಳು. ಅವಳು ಪೇಟೆ ಬೀದಿಯ ದರ್ಜಿಯಮ್ಮನ ದೊಡ್ಡ ಮಗಳು. ತರಗತಿಯಲ್ಲಿ ಅವಳಿಗೆ ಕಲ್ಲುಪೆಟ್ಟಿಗೆ ಎಂದು ಹೆಸರು. ದಾರಿಯಲ್ಲಿ ಕಂಡ ಕಲ್ಲನ್ನೆಲ್ಲ ಆರಿಸಿ, ತೊಳೆದು, ಅಮ್ಮನ ಅಂಗಡಿಯ ಬಿಳಿ ಪಟ್ಟಿಯ ತುಂಡು ಅಂಟಿಸಿ, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಎಂದು ಅದರ ಮೇಲೆ ಬರೆದಿಡುವ ಹುಚ್ಚು ಆರನೇ ತರಗತಿಯಿಂದ ಹತ್ತಿಕೊಂಡಿತ್ತು. ಅದನ್ನು ಹತ್ತಿಸಿದವರು ಬೇರೆ ಯಾರೂ ಅಲ್ಲ, ಇದೇ ಮೇಷ್ಟ್ರು. ಒಂದು ದಿನ ಪಾಠದ ನಡುವೆ, ಮೈದಾನದಲ್ಲಿ ಬಿದ್ದಿದ್ದ ಒಂದು ಕಲ್ಲು ತೋರಿಸಿ, ಇದು ನಮ್ಮೆಲ್ಲರ ಅಜ್ಜಂದಿರ ಅಜ್ಜನಿಗಿಂತ ಹಳೇದು ಕಣ್ರಪ್ಪ ಎಂದಿದ್ದರು.

"ಒಂದು ಸಲ ದೂರದ್ದಕ್ಕೆ ನೋಡಿದ್ರೆ ಆಗಲ್ವಾ ಸಾರ್?"

"ಅತಿ ಆಸೆ ಗತಿಕೇಡು. ನಿಮ್ಮಮ್ಮ ಮಿಷಿನ್ ತುಳಿದು ನಿನ್ನನ್ನ ಇಲ್ಲಿವರೆಗೂ ತಂದಿದ್ದಾರೆ. ಒಂದು ವರ್ಷ ಮನೇಲಿ ಕೂತ್ಕೋತೀಯಾ?"

ಅವಳು ಗ್ಲೋಬಿನ ಕಡೆ ನೋಡಿದಳು. ಕಪಾಟಿನ ಕಡೆ ನೋಡಿದಳು. ಕೊನೆಗೆ, "ನಿಮ್ಗೆ ಗೊತ್ತಿರತ್ತೆ ಸಾರ್," ಎಂದಳು.

ಮೇಷ್ಟ್ರು ಅಳಿಸಿದರು. ಪೆನ್ಸಿಲಿನ ಗುರುತು ಉಳಿಯಬಾರದೆಂದು ಎರಡು ಸಲ ಉಜ್ಜಿ, ಪುಡಿಯನ್ನು ಊದಿ, ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಅವಳು ಒಂದನೇ ಸಾಲಿನಲ್ಲಿ ಹತ್ತಿರದ್ದನ್ನು ಬರೆದಳು, ಎರಡನೇ ಸಾಲಿನಲ್ಲಿ ದೂರದ್ದನ್ನು.

ಅವರ ಭಯಕ್ಕೆ ಕಾರಣವಿತ್ತು. ಅವರ ಕಾಲದಲ್ಲಿ ಪ್ರತಿ ಕಾಲೇಜಿಗೂ ಬೇರೆ ಬೇರೆ ಅರ್ಜಿ, ಎಷ್ಟನೇ ಆಯ್ಕೆ ಎಂದು ಲಕೋಟೆಯ ಮೇಲೇ ಬರೆದು ಅಂಚೆಯಲ್ಲಿ ಕಳಿಸಬೇಕು. ನಮ್ಮನ್ನು ಮೊದಲು ಕೇಳದವನು ನಮಗೆ ಬೇಡ ಎಂದು ಎರಡನೇ ಆಯ್ಕೆಯ ಅರ್ಜಿಗಳನ್ನು ಕಾಲೇಜಿನವರು ತೆರೆದೂ ನೋಡುತ್ತಿರಲಿಲ್ಲ. ಆಗಿನ್ನೂ ಮೇಷ್ಟ್ರಾಗಿರದ ಆ ಹದಿನೆಂಟರ ಹುಡುಗ ದೂರದ್ದನ್ನು ಮೊದಲು ಬರೆದ. ಅದೂ ಹೋಯಿತು, ಇದೂ ಹೋಯಿತು. ಆ ಒಂದು ವರ್ಷ ಅವನ ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದರು. ಊಟಕ್ಕೆ ಕರೆಯಬೇಕಾದರೂ ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದರು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ಮೇಷ್ಟ್ರು ಇನ್ನೂರ ಹದಿನಾಲ್ಕು ಮಕ್ಕಳ ಮಜ್ಜಿಗೆಯನ್ನು ಊದಿ ಕೊಟ್ಟಿದ್ದರು.

ಮೂರು ವಾರಕ್ಕೆ ಮೊದಲ ಸುತ್ತಿನ ಪಟ್ಟಿ ಬಂತು. ಹುಡುಗಿಗೆ ಹತ್ತಿರದ ವಿಶ್ವವಿದ್ಯಾಲಯ, ರಸಾಯನಶಾಸ್ತ್ರ. ಮೇಷ್ಟ್ರು ಹಸಿರು ನೋಟ್‌ಬುಕ್ಕಿನಲ್ಲಿ ಇನ್ನೂರ ಹದಿನೈದು ಎಂದು ಬರೆದು ಕೆಳಗೆ ಒಂದು ಗೆರೆ ಎಳೆದರು.

*

ಅದಾದ ಐದನೇ ದಿನ, ಸೋಮವಾರ, ಎರಡನೇ ಸುತ್ತಿನ ಬಗ್ಗೆ ತಿಳಿಸಲು ಪ್ರವೇಶ ಕಚೇರಿಯವರು ಎಲ್ಲ ಶಾಲೆಗಳಿಂದ ಅರ್ಜಿ ತುಂಬಿಸುವ ಶಿಕ್ಷಕರನ್ನು ಕರೆದಿದ್ದರು. ಮುಖ್ಯೋಪಾಧ್ಯಾಯಿನಿ, "ನೀವೇ ಹೋಗ್ಬನ್ನಿ, ನಿಮಗಿಂತ ಗೊತ್ತಿರೋರು ಯಾರಿದ್ದಾರೆ," ಎಂದು ಕಳಿಸಿಕೊಟ್ಟರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಎರಡನೇ ಸಾಲಿನಲ್ಲಿ ಕೂತರು. ಕೇಳುವುದಕ್ಕಿಂತ ಹೇಳುವುದಕ್ಕೇ ಹೋದ ಹಾಗಿತ್ತು ಅವರ ಠೀವಿ.

ಅಧಿಕಾರಿ ಮೂವತ್ತರ ಆಸುಪಾಸಿನ ಹೆಂಗಸು. ಬೋರ್ಡಿನ ಮೇಲೆ ಮೂರು ಚೌಕ ಬರೆದು ವಿವರಿಸುತ್ತಿದ್ದರು. ಯಾರೋ ಆಯ್ಕೆಗಳ ಕ್ರಮದ ಬಗ್ಗೆ ಕೇಳಿದರು. ಮೇಷ್ಟ್ರು ಎದ್ದು ನಿಂತು, ಖಂಡಿತ ಸಿಗುವುದನ್ನು ಮೇಲೆ ಬರೆಸಿದರೆ ಯಾವ ತೊಂದರೆಯೂ ಇಲ್ಲ, ತಾವು ಹನ್ನೊಂದು ವರ್ಷದಿಂದ ಹಾಗೇ ಮಾಡಿಸುತ್ತಿರುವುದು ಎಂದರು.

ಹಿಂದೆ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ.

"ಸಾರ್, ಕೂತ್ಕೊಳ್ಳಿ, ಇನ್ನೊಂದ್ಸಲ ಹೇಳ್ತೀನಿ. ಕಂಪ್ಯೂಟರ್ ಮೊದಲು ಒಂದನೇ ಆಯ್ಕೆ ನೋಡತ್ತೆ. ಅಂಕ ಸಾಕಾದ್ರೆ ಅದನ್ನೇ ಕೊಟ್ಟು ಮುಗಿಸತ್ತೆ, ಕೆಳಗಿನದನ್ನ ನೋಡೋದೇ ಇಲ್ಲ. ಸಾಲದಿದ್ರೆ ಎರಡನೇದಕ್ಕೆ ಹೋಗತ್ತೆ. ಅಲ್ಲಿ ಯಾರು ಮೊದಲು ಬರ್ದಿದ್ರು, ಯಾರು ಎರಡನೇದು ಬರ್ದಿದ್ರು ಅಂತ ಕೇಳಲ್ಲ. ಅಂಕ ಜಾಸ್ತಿ ಇದ್ದೋರಿಗೆ ಸೀಟು, ಅಷ್ಟೇ. ಮೊದಲು ದೂರದ್ದು ಬರ್ದ್ರೆ ಹತ್ತಿರದ್ದೇನೂ ಕೈಬಿಟ್ಟು ಹೋಗಲ್ಲ."

"ಇದು ಈ ವರ್ಷದ ನಿಯಮಾನಾ ಮೇಡಂ?"

"ಕಂಪ್ಯೂಟರ್ ಬಂದಾಗಿಂದ ಇದೇ ಸಾರ್. ಪುಸ್ತಕದಲ್ಲಿ ಒಂಬತ್ತನೇ ಪುಟ."

ಪುಸ್ತಕ ಮೇಷ್ಟ್ರ ಚೀಲದಲ್ಲೇ ಇತ್ತು. ಪ್ರತಿ ವರ್ಷವೂ ತರಿಸುತ್ತಿದ್ದರು. ಪ್ರತಿ ವರ್ಷವೂ ದಿನಾಂಕಗಳಿಗೆ, ಬೇಕಾದ ದಾಖಲೆಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದರು. ಉಳಿದದ್ದನ್ನು ಓದಿರಲಿಲ್ಲ. ಗೊತ್ತಿದ್ದದ್ದನ್ನು ಯಾರು ಓದುತ್ತಾರೆ?

ಸಭೆ ಮುಗಿದ ಮೇಲೆ ಎಲ್ಲರೂ ಟೀಗೆ ಹೋದರು. ಮೇಷ್ಟ್ರು ಅಧಿಕಾರಿಯ ಮೇಜಿನ ಬಳಿ ನಿಂತು, ಪ್ರತಿ ವಿಷಯದಲ್ಲಿ ಕೊನೆಯ ಸೀಟು ಎಷ್ಟು ಅಂಕಕ್ಕೆ ಹೋಯಿತು ಎಂಬ ಪಟ್ಟಿ ಒಮ್ಮೆ ನೋಡಬಹುದೇ ಎಂದು ಕೇಳಿದರು. ಅವರು ಹಾಳೆಗಳನ್ನು ಮುಂದೆ ತಳ್ಳಿದರು. ದೂರದ ವಿಶ್ವವಿದ್ಯಾಲಯ, ಭೂಗರ್ಭಶಾಸ್ತ್ರ, ಇಪ್ಪತ್ತು ಸೀಟು. ಕೊನೆಯದು ನಾನೂರ ಹನ್ನೆರಡಕ್ಕೆ ಹೋಗಿತ್ತು.

ನಾನೂರ ಹನ್ನೆರಡು. ಅವಳದು ನಾನೂರ ಮೂವತ್ತೊಂದು.

"ನನ್ನ ವಿದ್ಯಾರ್ಥಿನಿ ಒಬ್ಬಳಿದ್ದಾಳೆ ಮೇಡಂ. ಎರಡನೇ ಸುತ್ತಿನಲ್ಲಿ ಏನಾದ್ರೂ ಆಗತ್ತಾ?"

ಅಧಿಕಾರಿ ಹೆಸರು ಕೇಳಿ ಪರದೆ ನೋಡಿದರು. "ಇಲ್ಲ ಸಾರ್. ಆ ಇಪ್ಪತ್ತೂ ತುಂಬಿದೆ. ಅಲ್ದೆ ಒಂದನೇ ಆಯ್ಕೆ ಸಿಕ್ಕವರಿಗೆ ಎರಡನೇ ಸುತ್ತಿಲ್ಲ. ಅವಳು ಕೇಳಿದ್ದನ್ನೇ ಕೊಟ್ಟಿದ್ದೀವಲ್ಲ?"

"ಅವಳು ಕೇಳಿದ್ದು ಅದಲ್ಲ," ಎಂದರು ಮೇಷ್ಟ್ರು.

"ಅರ್ಜೀಲಿ ಹಾಗೇ ಇದೆಯಲ್ಲ."

ಮೇಷ್ಟ್ರು ಹಾಳೆಗಳನ್ನು ಒಟ್ಟುಮಾಡಿ ಮೇಜಿನ ಮೇಲಿಟ್ಟರು. ಆಮೇಲೆ ಅಧಿಕಾರಿಯೇ ದನಿ ತಗ್ಗಿಸಿ ಹೇಳಿದರು: "ಒಂದು ದಾರಿ ಇದೆ. ಶುಕ್ರವಾರದೊಳಗೆ ಈ ಸೀಟು ಬೇಡ ಅಂತ ಬರ್ದುಕೊಟ್ರೆ, ಮುಂದಿನ ವರ್ಷ ಇದೇ ಅಂಕದ ಮೇಲೆ ಹೊಸದಾಗಿ ಅರ್ಜಿ ಹಾಕ್ಬಹುದು. ಒಂದು ವರ್ಷ ಹೋಗತ್ತೆ. ಆದ್ರೆ ಒಂದ್ಸಲ ಸೇರ್ಕೊಂಡ್ರೆ ಮುಗೀತು, ಮತ್ತೆ ಅರ್ಜಿ ಹಾಕೋ ಹಾಗಿಲ್ಲ. ಅವಳಿಗೇ ಕೇಳಿ ಸಾರ್. ಅವಳು ತಾನೇ ಓದೋದು."

ಬಸ್ಸಿನಲ್ಲಿ ಮೇಷ್ಟ್ರು ಒಂಬತ್ತನೇ ಪುಟವನ್ನು ಮೂರು ಸಲ ಓದಿದರು. ಅದರಲ್ಲಿ ಒಂದು ಚಿತ್ರವೂ ಇತ್ತು, ಮಕ್ಕಳಿಗೂ ಅರ್ಥವಾಗುವ ಹಾಗೆ. ಅವರಿಗೆ ಮೈಯೆಲ್ಲ ನಾಚಿಕೆಯಾಯಿತು. ಹಸಿರು ನೋಟ್‌ಬುಕ್ಕಿನ ಹೆಸರುಗಳು ಒಂದೊಂದಾಗಿ ಬರತೊಡಗಿದವು. ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಹುಡುಗಿ, ಕಂಡಾಗೆಲ್ಲ ಎದ್ದು ನಿಂತು ಸಾರ್ ಎನ್ನುವವಳು, ನಕ್ಷತ್ರಗಳ ಬಗ್ಗೆ ಓದಬೇಕೆಂದಿದ್ದಳು. ಹುಡುಗನೊಬ್ಬ ಮೀನುಗಳ ಬಗ್ಗೆ ಏನೋ ಹೇಳಿದ್ದ, ಅವನ ಸಾಲನ್ನು ಅಳಿಸುವಾಗ ಹಾಳೆ ಹರಿದು ಹೋಗಿತ್ತು, ಹೊಸ ಹಾಳೆ ಕೊಟ್ಟಿದ್ದರು. ಯಾರ ಅಂಕ ಎಷ್ಟಿತ್ತು, ಯಾರಿಗೆ ಏನು ಸಿಗುತ್ತಿತ್ತು ಎಂದು ಇನ್ನು ಹೇಳಲು ಬರುವುದಿಲ್ಲ. ಯಾರೂ ಬರಿಗೈಲಿ ಬರಲಿಲ್ಲ, ನಿಜ. ಬರಿಗೈಲಿ ಬಾರದ ಹಾಗೆ ಅವರ ಕೈಯಲ್ಲಿ ಮೊದಲೇ ಏನನ್ನೋ ತುರುಕಿ ಕಳಿಸಿದ್ದರಲ್ಲ.

ಉಳಿದವರದ್ದು ಮುಗಿದು ಹೋಗಿತ್ತು. ಇವಳದ್ದು ಮುಗಿದಿರಲಿಲ್ಲ. ಇನ್ನೂ ನಾಲ್ಕು ದಿನವಿತ್ತು.

*

ಮಂಗಳವಾರ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ದರ್ಜಿಯಮ್ಮನ ಅಂಗಡಿಗೆ ಹೋದರು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದರು. ತಪ್ಪು ನನ್ನದು ಎಂಬಲ್ಲಿಂದ ಶುರು ಮಾಡಬೇಕು, ಕಾರಣಗಳನ್ನು ಆಮೇಲೆ ಹೇಳಬೇಕು, ಹಳೆಯ ಕಥೆಯನ್ನು ಹೇಳಲೇಬಾರದು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಂದು ಹೊಲಿಗೆ ಮಿಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ತೂಗುಹಾಕಿದ ಅರೆಬರೆ ಉಡುಪುಗಳು, ಕಾಲ ಕೆಳಗೆ ಬಣ್ಣಬಣ್ಣದ ಚೂರು. ದರ್ಜಿಯಮ್ಮ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಎದ್ದು ಕುರ್ಚಿಯ ಮೇಲಿನ ಬಟ್ಟೆ ಸರಿಸಿದರು. ಗಂಡ ತೀರಿಕೊಂಡು ಆರು ವರ್ಷ. ಎರಡು ಹೆಣ್ಣುಮಕ್ಕಳನ್ನು ಆ ಮಿಷಿನ್ನೇ ಸಾಕಿತ್ತು.

"ಬನ್ನಿ ಸಾರ್, ನಿಮಗೆ ನೂರು ವರ್ಷ ಆಯಸ್ಸು. ಈಗ ತಾನೇ ನಿಮ್ಮ ಮಾತೇ ಬಂದಿತ್ತು," ಎಂದರು. "ನೋಡಿ, ಕಾಲೇಜಿಗೆ ಅಂತ ಇವಳಿಗೆ ಹೊಲೀತಿದ್ದೀನಿ. ಊರವರದ್ದೆಲ್ಲ ಹೊಲಿದು ಸಾಕಾಗಿ ಇವಳದ್ದು ಯಾವತ್ತೂ ಕೊನೆಗೆ ಉಳೀತಿತ್ತು. ಈ ಸಲ ಇವಳದ್ದೇ ಮೊದಲು."

ದೊಡ್ಡವಳು ಒಳಗಿನಿಂದ ಟೀ ತಂದಳು. ಬಾಗಿಲ ಬಳಿ ಕೂತು ಗುಂಡಿ ಹೊಲಿಯುತ್ತಿದ್ದ ಚಿಕ್ಕವಳು, "ಸಾರ್, ಮುಂದಿನ ವರ್ಷ ನನ್ನ ಸರದಿ, ಈಗಲೇ ರಬ್ಬರ್ ತಂದಿಟ್ಕೊಳ್ಳಿ," ಎಂದಳು. ತಾಯಿ ಗದರಿಸಿದರು, ನಗುತ್ತಲೇ.

ಮೇಷ್ಟ್ರು ಟೀ ಕುಡಿದರು. "ದೂರದ್ದಕ್ಕೆ ಹೋಗ್ಬೇಕಂತ ಇತ್ತಲ್ಲಮ್ಮ ನಿಂಗೆ," ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

"ನನ್ನ ಅಂಕ ಸಾಲ್ತಿರಲಿಲ್ಲ ಬಿಡಿ ಸಾರ್," ಎಂದಳು ದೊಡ್ಡವಳು. "ನೀವು ಹೇಳಿದ್ದು ಕೇಳಿದ್ದಕ್ಕೆ ಇದಾದ್ರೂ ಸಿಕ್ತು. ನನ್ನ ಹಟಕ್ಕೆ ಬಿಟ್ಟಿದ್ರೆ ಎರಡೂ ಇರ್ತಿರಲಿಲ್ಲ."

"ಅದನ್ನೇ ನಾನೂ ಹೇಳಿದ್ದು," ಎಂದರು ತಾಯಿ. "ಒಂದು ವರ್ಷ ಮನೇಲಿ ಕೂತಿದ್ರೆ ಸುಮ್ನೆ ಕೂರ್ತಾಳಾ? ನಂಗೆ ಸಹಾಯ ಅಂತ ಈ ಮಿಷಿನ್ ಮುಂದೆ ಕೂರ್ತಾಳೆ. ಒಂದ್ಸಲ ಇಲ್ಲಿ ಕೂತವರು ಏಳಲ್ಲ ಸಾರ್. ನಾನೂ ಆರು ತಿಂಗಳಿಗೆ ಅಂತಾನೇ ಕೂತಿದ್ದು. ನಿಮ್ಮ ಋಣ ತೀರ್ಸೋಕಾಗಲ್ಲ."

ಮಾತು ನಾಲಿಗೆಯ ತುದಿಯಲ್ಲಿತ್ತು. ಅದು ಅಲ್ಲೇ ಉಳಿಯಿತು. ಮೇಷ್ಟ್ರು ಲೋಟ ಕೆಳಗಿಟ್ಟು, ಎಲ್ಲ ದಾಖಲೆಗಳನ್ನೂ ಎರಡೆರಡು ಪ್ರತಿ ಮಾಡಿಸಿ ಇಟ್ಟುಕೋ, ಮೂಲ ಪ್ರತಿ ಯಾರ ಕೈಗೂ ಕೊಡಬೇಡ ಎಂದು ಹೇಳಿ ಎದ್ದರು.

ಬೀದಿಯ ತಿರುವಿಗೆ ಬಂದಿದ್ದರು, ಹಿಂದಿನಿಂದ ಓಡಿ ಬರುವ ಸದ್ದಾಯಿತು. ದೊಡ್ಡವಳು. ಕೈಯಲ್ಲಿ ಅವರ ಕನ್ನಡಕದ ಡಬ್ಬಿ, ಇನ್ನೊಂದು ಕೈಯಲ್ಲಿ ಭಾರದ ಒಂದು ರಟ್ಟಿನ ಪೆಟ್ಟಿಗೆ.

"ಡಬ್ಬಿ ಮರೆತು ಬಂದಿದ್ರಿ ಸಾರ್. ಮತ್ತೆ ಇದು... ನನ್ನ ಕಲ್ಲುಗಳು. ನಿಮ್ಮ ಭೂಪಟದ ಕೋಣೇಲಿ ಇಟ್ಕೊಳ್ಳಿ. ಪಾಠಕ್ಕೆ ಬರತ್ತೆ."

"ನೀನು ಇಟ್ಕೊಳಮ್ಮ."

"ನಂಗಿನ್ನು ಯಾಕೆ ಸಾರ್? ಇದ್ರೆ ನೋಡ್ತಾ ಕೂತ್ಕೊಳ್ಳೋದಾಗತ್ತೆ," ಎಂದು ನಕ್ಕಳು. ನಗು ಸರಿಯಾಗಿ ಬರಲಿಲ್ಲ.

ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ತಾಯಿಯ ಮುಂದೆ ಆಡಲಾರದ್ದನ್ನು ಇಲ್ಲಿ ಆಡಬಹುದಿತ್ತು. ಎರಡು ವಾಕ್ಯ ಸಾಕಿತ್ತು. ಅವಳೇ ಯೋಚಿಸಿ, ಅವಳೇ ಬೇಕು ಬೇಡ ಹೇಳುತ್ತಿದ್ದಳು. ಮೇಷ್ಟ್ರು ಪೆಟ್ಟಿಗೆಯನ್ನು ತೆಗೆದುಕೊಂಡರು. "ಚೆನ್ನಾಗಿ ಓದು," ಎಂದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕೇಳಿದರು. ಹಿಂದಿನ ದಿನ ಅವರಿಗೆ ಮಾತ್ರ ಎಲ್ಲ ಹೇಳಿದ್ದರು.

"ಹೇಳಿದ್ರಾ?"

"ಸಂದರ್ಭ ಬರಲಿಲ್ಲ."

"ಸಂದರ್ಭ ಅನ್ನೋದು ಬಸ್ಸಾ, ಇದು ಹೋದ್ರೆ ಇನ್ನೊಂದು ಬರತ್ತೆ ಅನ್ನೋಕೆ?"

"ಅವರಮ್ಮ ಅಷ್ಟು ಸಂತೋಷವಾಗಿದ್ರು. ಹೇಳಿ ಸಂಕಟಕ್ಕೆ ಹಾಕೋದ್ಯಾಕೆ ಅಂತ..."

"ಅವರ ಸಂಕಟಾನಾ, ನಿಮ್ಮ ಸಂಕಟಾನಾ?" ಎಂದು ಹೆಂಡತಿ ಒಳಗೆ ಹೋದರು. ಉತ್ತರಕ್ಕೆ ಕಾಯಲಿಲ್ಲ.

ಬುಧವಾರ ಹೋಯಿತು, ಗುರುವಾರ ಹೋಯಿತು. ಶುಕ್ರವಾರ ಮೇಷ್ಟ್ರು ನದಿಗಳ ಪಾಠ ಮಾಡುತ್ತ ನಾಲ್ಕು ಸಲ ಗಡಿಯಾರ ನೋಡಿದರು. ಐದು ಗಂಟೆಗೆ ಪ್ರವೇಶ ಕಚೇರಿ ಮುಚ್ಚುತ್ತದೆ ಎಂದು ಅವರಿಗೆ ಗೊತ್ತಿತ್ತು. ಐದೂ ಹತ್ತಕ್ಕೆ ಅವರಿಗೆ ಒಂದು ಥರ ನಿರಾಳವೆನಿಸಿತು. ಆ ನಿರಾಳಕ್ಕಾಗಿ ಅವರು ಆಮೇಲೆ ಎಂದೂ ತಮ್ಮನ್ನು ಕ್ಷಮಿಸಿಕೊಳ್ಳಲಿಲ್ಲ.

*

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಫಲವಿಲ್ಲ ಎಂದು ಚಿಂತೆ ಬಿಡುತ್ತದೆಯೇ? ಐವತ್ತಮೂರು ಕಲ್ಲುಗಳನ್ನು ಮೇಷ್ಟ್ರು ಕಪಾಟಿನ ಅರೆಯ ಮೇಲೆ ಸಾಲಾಗಿ ಜೋಡಿಸಿದರು. ಹಸಿರು ನೋಟ್‌ಬುಕ್ಕನ್ನು ಅಲ್ಲಿಂದ ತೆಗೆದು ಮನೆಗೆ ಒಯ್ದರು. ಬೆಳಿಗ್ಗೆ ಶಾಲೆಗೆ ಬರುವಾಗ ಬಸ್ ನಿಲ್ದಾಣದಲ್ಲಿ ಅವಳು ಕಾಣುತ್ತಿದ್ದಳು. ತಾಯಿ ಹೊಲಿದ ಬಟ್ಟೆ, ಹೊಸ ಚೀಲ. ಕೈಯೆತ್ತುತ್ತಿದ್ದಳು. ಮೇಷ್ಟ್ರು ಕೆಲವು ವಾರದ ಮೇಲೆ ಇನ್ನೊಂದು ಬೀದಿಯಿಂದ ಬರಲು ಶುರು ಮಾಡಿದರು. ಅದು ಸುತ್ತು ದಾರಿ.

ಮುಂದಿನ ವರ್ಷದ ಅರ್ಜಿಯ ಕಾಲ ಬಂತು. ಮೇಷ್ಟ್ರು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೂ ಓದಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಂದರು. "ನಿನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ್ದು ಯಾವುದೋ ಅದನ್ನೇ ಮೊದಲು ಬರಿ," ಎಂದು ಎಲ್ಲರಿಗೂ ಹೇಳಿದರು. ಇಪ್ಪತ್ತಮೂರು ಮಕ್ಕಳು ಬಂದು ಹೋದರೂ ರಬ್ಬರ್ ಜೇಬಿನಿಂದ ಹೊರಗೆ ಬರಲಿಲ್ಲ.

ಇಪ್ಪತ್ತನಾಲ್ಕನೆಯವಳು ದರ್ಜಿಯಮ್ಮನ ಚಿಕ್ಕ ಮಗಳು. ಅಕ್ಕನೂ ಜೊತೆಗೆ ಬಂದಿದ್ದಳು.

"ನಿಮಗೆ ಈ ಸಲ ಕೆಲಸಾನೇ ಇಲ್ಲ ಸಾರ್," ಎನ್ನುತ್ತ ಚಿಕ್ಕವಳು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. "ಎಲ್ಲ ಮನೇಲೇ ಪೆನ್ಸಿಲಲ್ಲಿ ತುಂಬ್ಕೊಂಡು ಬಂದಿದ್ದೀನಿ. ಅಕ್ಕ ಹೇಳ್ಕೊಟ್ಲು. ಪೆನ್ನು ಓಡ್ಸೋದೊಂದೇ ಬಾಕಿ."

ಅಕ್ಕ ಕಿಟಕಿಯ ಬಳಿ ನಿಂತು ಗ್ಲೋಬನ್ನು ನಿಧಾನವಾಗಿ ತಿರುಗಿಸುತ್ತಿದ್ದಳು. ಮೇಷ್ಟ್ರು ಮೂರನೇ ಪುಟ ತೆಗೆದರು. ಒಂದನೇ ಸಾಲಿನಲ್ಲಿ ಹತ್ತಿರದ ವಿಶ್ವವಿದ್ಯಾಲಯದ ಗಣಿತ. ಎರಡನೇ ಸಾಲಿನಲ್ಲಿ ದೂರದ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ.

"ನಿಂಗೆ ನಿಜವಾಗ್ಲೂ ಬೇಕಾಗಿರೋದು ಯಾವುದಮ್ಮ?"

"ಎರಡನೇದು ಸಾರ್. ಆದ್ರೆ ಬೇಕಾಗಿರೋದನ್ನ ಮೊದಲು ಬರೀಬಾರ್ದಂತೆ. ಸಿಗೋದನ್ನ ಬರೀಬೇಕಂತೆ."

ತಾವೇ ಆಡಿದ ಮಾತು, ಒಂದಕ್ಷರ ಆಚೀಚೆ ಇಲ್ಲದೆ.

ಒಂದು ಕ್ಷಣ ಮೇಷ್ಟ್ರಿಗೆ ಬೇರೆ ದಾರಿ ಕಂಡಿತು. ಈಗ ಸುಮ್ಮನಿದ್ದು, ನಾಳೆ ಕಂಪ್ಯೂಟರಿನಲ್ಲಿ ಕುಟ್ಟುವಾಗ ತಾವೇ ಮೇಲೆ ಕೆಳಗೆ ಮಾಡಿಬಿಟ್ಟರೆ? ಕೇಳಿದರೆ ಏನೋ ಒಂದು ಹೇಳಿದರಾಯಿತು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕಿಟಕಿಯ ಕಡೆ ನೋಡಿದರು. ಅವಳು ಗ್ಲೋಬಿನ ಮೇಲೆ ಬೆರಳಿಟ್ಟು ಏನನ್ನೋ ಹುಡುಕುತ್ತಿದ್ದಳು.

ಮೇಷ್ಟ್ರು ಜೇಬಿಗೆ ಕೈಹಾಕಿ ರಬ್ಬರ್ ತೆಗೆದರು. ಒಂದನೇ ಸಾಲನ್ನು ಅಳಿಸಿದರು, ಎರಡನೆಯದನ್ನೂ ಅಳಿಸಿದರು.

"ಬೇಕಾಗಿರೋದನ್ನೇ ಮೊದಲು ಬರಿಯಮ್ಮ," ಎಂದರು. "ಸಂಖ್ಯಾಶಾಸ್ತ್ರ ಒಂದನೇದು. ಗಣಿತ ಎರಡನೇದು."

ಗ್ಲೋಬು ತಿರುಗುವುದು ನಿಂತಿತು.

"ದೂರದ್ದು ಮೊದಲು ಬರ್ದು ಅದು ಸಿಗ್ಲಿಲ್ಲ ಅಂದ್ರೆ, ಹತ್ತಿರದ್ದೂ ಹೋಗಲ್ವಾ ಸಾರ್?" ದೊಡ್ಡವಳು ಕೇಳಿದಳು.

"ಹೋಗಲ್ಲ."

ಅವಳು ಮೇಜಿನ ಹತ್ತಿರ ಬಂದಳು. ಅಳಿಸಿದ ಜಾಗವನ್ನು ನೋಡಿದಳು, ಮೇಷ್ಟ್ರ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಮೆಲ್ಲಗೆ, ಎಡವಿದವರಿಗೆ ಕೈ ಕೊಡುವ ಹಾಗೆ ಕೇಳಿದಳು.

"ಈ ವರ್ಷದಿಂದ ನಿಯಮ ಬದಲಾಗಿದ್ಯಾ ಸಾರ್?"

ಹೌದು ಎಂದರೆ ಸಾಕಿತ್ತು. ಅವಳು ನಂಬುತ್ತಿದ್ದಳು. ನಂಬಲು ಸಿದ್ಧವಾಗಿಯೇ ಕೇಳಿದ್ದಳು.

"ಇಲ್ಲ," ಎಂದರು ಮೇಷ್ಟ್ರು. "ಮೊದಲಿಂದಾನೂ ಹೀಗೇ ಇದ್ದದ್ದು. ನಾನೇ ಓದಿರಲಿಲ್ಲ. ಅಲ್ಲಿ ಭೂಗರ್ಭಶಾಸ್ತ್ರದ ಕೊನೇ ಸೀಟು ನಾನೂರ ಹನ್ನೆರಡಕ್ಕೆ ಹೋಗಿತ್ತು."

ಚಿಕ್ಕವಳು ಅಕ್ಕನನ್ನೂ ಮೇಷ್ಟ್ರನ್ನೂ ನೋಡಿದಳು.

"ನಿಮಗೆ ಯಾವಾಗ ಗೊತ್ತಾಯ್ತು ಸಾರ್?" ದೊಡ್ಡವಳು ಕೇಳಿದಳು.

"ಕಳೆದ ವರ್ಷಾನೇ. ನೀನಿನ್ನೂ ಸೇರಿರಲಿಲ್ಲ. ಬೇಡ ಅಂತ ಬರ್ದುಕೊಡೋಕೆ ಮೂರು ದಿನ ಇತ್ತು. ಅಂಗಡಿಗೆ ಬಂದಿದ್ನಲ್ಲ, ಅದನ್ನ ಹೇಳೋಕೇ ಬಂದಿದ್ದೆ."

"ನಾನು ಡಬ್ಬಿ ತಂದುಕೊಟ್ಟಾಗ..."

"ಆಗಲೂ ಗೊತ್ತಿತ್ತು."

ಅವಳು ತಲೆಯಾಡಿಸಿದಳು, ಪಾಠ ಅರ್ಥವಾಯಿತು ಎನ್ನುವ ಹಾಗೆ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಅನ್ನಿಸಿತು. ಅವಳು ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ತಂಗಿಯ ಕೈಗೆ ಕೊಟ್ಟಳು.

"ಪೆನ್ಸಿಲ್ ಬೇಡ. ನೇರ ಪೆನ್ನಲ್ಲೇ ಬರಿ."

ಚಿಕ್ಕವಳು ಬಗ್ಗಿ ಬರೆಯತೊಡಗಿದಳು. ದೊಡ್ಡವಳು ಕಪಾಟಿನ ಮುಂದೆ ಹೋಗಿ, ಇಬ್ಬರಿಗೂ ಬೆನ್ನು ಮಾಡಿ ನಿಂತಳು. ಒಂದು ಕಲ್ಲು ಎತ್ತಿದಳು, ಧೂಳು ಒರೆಸಿ ಪಟ್ಟಿಯ ಮೇಲೆ ಬರೆದದ್ದನ್ನು ಓದಿದಳು, ಚೀಲದೊಳಗೆ ಹಾಕಿದಳು. ಆಮೇಲೆ ಇನ್ನೊಂದು. ಕೋಣೆಯಲ್ಲಿ ಪೆನ್ನು ಹಾಳೆಯ ಮೇಲೆ ಓಡುವ ಸದ್ದು, ನಡುನಡುವೆ ಕಲ್ಲಿಗೆ ಕಲ್ಲು ತಾಕುವ ಸದ್ದು.

ಮೇಷ್ಟ್ರು ಮೇಜಿನ ಮೇಲೆ ಬಿದ್ದಿದ್ದ ರಬ್ಬರಿನ ಪುಡಿಯನ್ನು ಅಂಗೈಗೆ ಗುಡಿಸಿಕೊಂಡರು. ಅದನ್ನು ಎ‌ಲ್ಲಿ ಹಾಕುವುದೆಂದು ತೋಚದೆ, ಮುಷ್ಟಿ ಮುಚ್ಚಿಕೊಂಡು, ಐವತ್ತಮೂರೂ ಮುಗಿಯುವವರೆಗೆ ಹಾಗೇ ಕೂತಿದ್ದರು.